ಳ ಮನೆಯಲ್ಲಿ ಗಾಳ

ಮಂಡಿಪೇಟೆಯ ಪ್ರೆಸ್ಸು ಮುಚ್ಚಿದ ದಿನ
ಸಂಬಳದ ಬಾಕಿಗೆ ಬದಲು
ಕೊಟ್ರಯ್ಯನವರು ಕೊಟ್ಟದ್ದು ಒಂದು ಮರದ ಕೇಸು,
ನೂರಾರು ಮನೆ, ತಳದಲ್ಲಿ ಅಷ್ಟಿಷ್ಟು ಸೀಸದ ಮೊಳೆ.
ಸೈಕಲ್ಲಿನ ಕ್ಯಾರಿಯರ್ ಮೇಲೆ ಅಡ್ಡ ಕಟ್ಟಿ ತಂದೆ.
'ಮೂವತ್ತೊಂದು ವರ್ಷಕ್ಕೆ ಇದಾ?' ಅಂದಳು ಸಾಕಮ್ಮ.
ಅಷ್ಟೇ ಅಂದಳು. ಆಮೇಲೆ ಒರೆಸಲು ಬಟ್ಟೆ ಕೊಟ್ಟಳು.

ಈಗ ಅದರಲ್ಲಿ ಮೀನಿನ ಸಾಮಾನು.

ಅನುಸ್ವಾರದ ಮನೆಯಲ್ಲಿ ತಿರುಗುವ ಉಂಗುರಗಳು,
ಸೊನ್ನೆಗೆ ಸೊನ್ನೆ, ಅಲ್ಲಿ ತಕರಾರಿಲ್ಲ.
ಳ ಮನೆಯಲ್ಲಿ ಗಾಳ. ಬೇರೆಲ್ಲಿ ಇಡಲಿ?
ಬಾಲ ಬಾಗಿಸಿ ಅದು ಮೊದಲಿಂದ ಅಲ್ಲೇ ಕಾದಿತ್ತು.
ಮೂರು ಮೂತಿಯ ಗಾಳಕ್ಕೆ ಒತ್ತಕ್ಷರದ ಸಾಲು;
ಒಂದನ್ನೆತ್ತಿದರೆ ಇನ್ನೆರಡು ಜೋತುಕೊಂಡು ಬರುತ್ತವೆ,
'ರಾಷ್ಟ್ರ' ಕಟ್ಟುವಾಗಲೂ ಬೆರಳು ಹೀಗೇ ತಡವರಿಸುತ್ತಿತ್ತು.
ಸಣ್ಣವು ಅಂಕಿಗಳ ಮನೆಗೆ, ನಂಬರಿನ ಪ್ರಕಾರ.
ನಂಬರು ಏರಿದಷ್ಟೂ ಗಾಳ ಚಿಕ್ಕದು;
ಈ ಲೆಕ್ಕ ಸಾಕಮ್ಮನಿಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಪ್ರತಿ ಮನೆಗೂ ಒಂದು ಚೂರು ಸೀಮೆಸುಣ್ಣ,
ತೇವ ಅದು ಕುಡಿಯಲಿ, ತುಕ್ಕು ಬೇರೆ ಊರು ನೋಡಿಕೊಳ್ಳಲಿ.
ರಬ್ಬರ್ ಕಪ್ಪೆಗಳು ಮಾತ್ರ ಒಂದೊಂದೂ ಬೇರೆ.
ಕಳೆದ ಏಪ್ರಿಲ್‌ನಲ್ಲಿ ಹಸಿರದ್ದು ಕೆಂಪದ್ದು ಒಟ್ಟಿಗಿಟ್ಟೆ;
ದಾವಣಗೆರೆಯ ಬಿಸಿಲು ತಗಡಿನ ಮೇಲೆ ಕೂತು
ಎರಡನ್ನೂ ಕರಗಿಸಿ ಒಂದು ಮಾಡಿತ್ತು,
ನಾಲ್ಕು ಕಣ್ಣಿನ ಒಂದು ಪ್ರಾಣಿ.
ಫಕ್ರುದ್ದೀನ್ ಅದನ್ನೇ ಎಸೆದು ನೋಡಿದ.
ಒಂದು ಕೊರವ ಹತ್ತಿರ ಬಂದು, ನೆಂಟರ ಮನೆ ತಪ್ಪಿದವರ ಹಾಗೆ
ಹಿಂದೆ ಸರಿಯಿತು.

ಭಾನುವಾರ, ಮೊದಲ ಬಸ್ಸು, ಸೂಳೆಕೆರೆ.
ಮಂಡಕ್ಕಿ ಭಟ್ಟಿಯಿಂದ ಹಾಗೇ ಬಂದಿರುತ್ತಾನೆ ಅವನು,
ಹುಬ್ಬಿನ ಮೇಲೆ ಬೂದಿ.
ತೂಕಕ್ಕೆ ನಾನು ಗುಂಡು ಕೊಳ್ಳುವುದಿಲ್ಲ.
ಪ್ರತಿ ಮೊಳೆಯ ಸೊಂಟಕ್ಕೂ ಒಂದು ಕಚ್ಚು ಇದೆ,
ದಾರ ಕೂರಲೆಂದೇ ಕೊರೆದ ಹಾಗೆ.

ಮೊದಲು ಕಟ್ಟಿದ್ದು ಬ.
ಎಂಬತ್ತಾರರಲ್ಲಿ, ಬಾತಿ ಕಡೆಯವರ ಲಗ್ನಪತ್ರಿಕೆ,
ನಿದ್ದೆಗಣ್ಣಲ್ಲಿ ವ ಬದಲು ಬ ಎತ್ತಿದ್ದೆ.
ಎಂಟುನೂರು ಪ್ರತಿ, ಅರಿಶಿನ ಹಚ್ಚಿ ಹಂಚಿಯೂ ಆಗಿತ್ತು:
ಎಡಕ್ಕೆ ವಧು, ಬಲಕ್ಕೆ ದಪ್ಪಕ್ಷರದಲ್ಲಿ ಬರ.
ಹುಡುಗಿಯ ಸೋದರಮಾವ ಪ್ರೆಸ್ಸಿಗೆ ಬಂದವನು
ಬೈಯಲಿಲ್ಲ. ಕೂತ. ನೀರು ಕುಡಿದ.
'ಹೋದ ವರ್ಷದ್ದು ಸಾಲದಾಗಿತ್ತೇನ್ರಿ?' ಅಂದ.
ಆ ತಿಂಗಳ ಅರ್ಧ ಸಂಬಳ ಹಿಡಿದರು; ಆ ಮಾತು ಇನ್ನೂ ಹಿಡಿದಿದೆ.

ಅದಕ್ಕೇ ಬ. ಹೋಗು, ಕೂತಿರು ನೀರಿನ ತಳದಲ್ಲಿ.

ದಾರ ಇಳಿಸುವಾಗ ಒಂದು ಕ್ಷಣ ಮೊಳೆಯ ಮುಖ
ನೀರಿನಲ್ಲಿ ಕಾಣುತ್ತದೆ: ಕನ್ನಡಿಯ ಅಕ್ಷರ
ಅಲ್ಲಿ ಸರಿಯಾಗುತ್ತದೆ, ತಲೆಕೆಳಗಾಗಿ.
ಹಾಗೆ ಓದುವುದೊಂದೇ ನಾನು ಕಲಿತ ವಿದ್ಯೆ.

ಈವರೆಗೆ ಕೆರೆಗೆ ಹೋದವು ಎರಡು ತ, ಒಂದು ಣ,
ಕಲ್ಲಿನ ಸಂದಿಗೆ ಸಿಕ್ಕಿ ಇಡೀ ಒಂದು ಜ್ಞ.
'ಯಾವ್ದು ಹೋತು?' ಕೇಳುತ್ತಾನೆ ಫಕ್ರುದ್ದೀನ್.
ಮೀನಿನ ತೂಕ ಮರೆಯುತ್ತಾನೆ, ಇದನ್ನು ಮರೆಯುವುದಿಲ್ಲ.
ಬ ಮಾತ್ರ ಪ್ರತಿ ಸಲ ವಾಪಸ್ ಬರುತ್ತದೆ.

ಸಂಜೆ, ಕಾಲು ತೊಳೆಯುವ ಮುಂಚೆಯೇ,
ಎಲ್ಲ ಬಿಚ್ಚಿ, ಒರೆಸಿ, ಕೊಬ್ಬರಿ ಎಣ್ಣೆ ಸವರಿ
ಆಯಾ ಮನೆಗೆ ಹಾಕುತ್ತೇನೆ, ಕೇಸಿನ ಕಡೆ ನೋಡದೆ.
ಅಚ್ಚು ಮುಗಿದ ಮೇಲೆ ಮೊಳೆ ಹಂಚದೆ ಮಲಗಿದವನು
ಕಂಪೋಸಿಟರೇ ಅಲ್ಲ, ಅನ್ನುತ್ತಿದ್ದರು ಕೊಟ್ರಯ್ಯ.
ಬೆರಳಿಗೆ ದಾರಿ ಗೊತ್ತು. ಒಮ್ಮೊಮ್ಮೆ ತಪ್ಪುತ್ತದೆ.
ಹೋದ ವಾರ ವ ಮನೆಗೆ ಕೈ ಹಾಕಿದರೆ
ಒಳಗೆ ಬ, ಸೀಮೆಸುಣ್ಣಕ್ಕೆ ಒರಗಿ.

'ಜಿಲೇಬಿ ಎಷ್ಟು ಬಂದ್ವು?' ಒಳಗಿನಿಂದ ಸಾಕಮ್ಮ.
ಮೂರು.
'ಕೊರವ?'
ನಾನು ಬ ಎತ್ತಿ ಅದರ ಮನೆಗೆ ಹಾಕಿದೆ.

ಶ್ರೀ ಮನೆ, ಎಲ್ಲಕ್ಕಿಂತ ಸವೆದದ್ದು, ಖಾಲಿ ಬಿಟ್ಟಿದ್ದೆ.
ನೋಡಿದರೆ ಅವಳ ಸೀರೆಪಿನ್ನುಗಳು, ಕೇಳದೆ ಇಟ್ಟಿದ್ದಾಳೆ.
ಅವೂ ಬಾಗಿದವೇ. ಇರಲಿ.